ಡಗ್ಗಾ ಬ್ಯಾರೆ ಇರಬೇಕ್ರಿ

ಎಸ್.ಪಿ. ರಸ್ತೆಯ ಅಂಗಡಿಯಾತ ಕೇಳಿದ್ದು ಒಂದೇ ಪ್ರಶ್ನೆ: "ಸಬ್‌ವೂಫರ್ ಒಳಗಡೇನೇ ಇರೋದು ಕೊಡ್ಲಾ ಸಾರ್, ಬೇರೆ ಬರೋದಾ?" ಅದಕ್ಕೆ ನಮ್ಮ ಮನೆಯಲ್ಲಿ ಹದಿನೈದು ದಿನ ಉತ್ತರ ಹುಟ್ಟಲಿಲ್ಲ. ನಾನು ಮೈಸೂರಿನವನು, ಹೆಂಡತಿ ಧಾರವಾಡದವಳು. ರೊಟ್ಟಿಯೋ ಅನ್ನವೋ ಎಂಬ ಜಗಳ ಇತ್ಯರ್ಥವಾಗಿ ಎಷ್ಟೋ ವರ್ಷವಾಗಿತ್ತು. ಹೊಸದೊಂದು ಬೇಕಿತ್ತು ಅಂತ ಕಾಣುತ್ತದೆ.

ನಾನು ಒಳಗಿನದರ ಪಕ್ಷ. ಟಿವಿ ಕೆಳಗೆ ಉದ್ದಕ್ಕೆ ಮಲಗುವ ಒಂದು ಸೌಂಡ್‌ಬಾರ್, ಕಸ ಗುಡಿಸಲು ಅಡ್ಡಿಯಿಲ್ಲ. "ಮೃದಂಗ ನೋಡು, ಬಲಗಡೆಯೂ ಎಡಗಡೆಯೂ ಒಂದೇ ಮರದಲ್ಲಿದೆ. ಎಡಕ್ಕೆ ಒಂದಿಷ್ಟು ರವೆ ಕಲಸಿ ಹಚ್ಚಿದರೆ ಗುಂ ಅನ್ನುತ್ತೆ" ಎಂದೆ.

"ನಿಮ್ಮ ರವಾ ನಿಮಗಿರ್ಲಿ. ಡಗ್ಗಾ ಬ್ಯಾರೆ ಇರಬೇಕ್ರಿ" ಎಂದಳು, ತಬಲಾ ಜೋಡಿಯಲ್ಲಿ ಗುಂ ಅನ್ನುವ ಎಡಗಡೆಯದನ್ನು ನೆನೆದು. ಪಖವಾಜವನ್ನು ನಡುವೆ ಕತ್ತರಿಸಿದ್ದರಿಂದ ತಬಲಾ ಹುಟ್ಟಿತು ಅನ್ನುತ್ತಾರಲ್ಲ, ಅದು ಕಟ್ಟುಕಥೆಯೇ ಇರಬಹುದು. ನಮ್ಮ ಮನೆಯಲ್ಲಿ ಮಾತ್ರ ಅದು ಸಾಕ್ಷಿಯೆಂದು ದಾಖಲಾಯಿತು.

ವಿಜ್ಞಾನವೂ ಧಾರವಾಡದ ಕಡೆಗೇ ವಾಲಿತು. ತಗ್ಗಿನ ಸದ್ದು ಬೇಕೆಂದರೆ ಹೆಚ್ಚು ಗಾಳಿ ತಳ್ಳಬೇಕು; ಅದಕ್ಕೆ ಅಗಲವಾದ ಕೋನು, ಹಿಂದೊಂದು ದೊಡ್ಡ ಡಬ್ಬ. ಮೂರಿಂಚಿನ ಪಟ್ಟಿಯೊಳಗೆ ಇದನ್ನೆಲ್ಲ ತುರುಕಿದರೆ ಭೂಕಂಪದ ದೃಶ್ಯದಲ್ಲೂ ಟಿಫನ್ ಡಬ್ಬಿ ಬಿದ್ದಂತೆ ಕೇಳುತ್ತದೆ. ಮೇಲಾಗಿ 80 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬರುತ್ತಿದೆಯೆಂದು ಕಿವಿಗೆ ಅಷ್ಟಾಗಿ ತಿಳಿಯುವುದಿಲ್ಲವಂತೆ. ಹಾಗಾಗಿ ಪೆಟ್ಟಿಗೆಯನ್ನು ಎಲ್ಲಿ ಬೇಕಾದರೂ ಇಡಬಹುದು. ಈ 'ಎಲ್ಲಿ ಬೇಕಾದರೂ' ಎಂಬುದನ್ನು ನಂಬಿ ನಾನು ಕೆಟ್ಟೆ.

ಅಕ್ಕಿ ಡಬ್ಬದಷ್ಟು ದೊಡ್ಡ ಪೆಟ್ಟಿಗೆ ಬಂತು. ರಟ್ಟಿನ ಮೇಲೆ 'ವೈರ್‌ಲೆಸ್' ಎಂದಿತ್ತು. ಬಿಚ್ಚಿದರೆ ಕರೆಂಟಿನ ವೈರು. ಟಿವಿ ಪಕ್ಕ ಇಟ್ಟು ಹಾಡು ಹಾಕಿದೆ. ನಡುವಿನ ಸೋಫಾದಲ್ಲಿ ಕೂತ ನನಗೆ ಏನೂ ಇಲ್ಲ. ಹಿಂದಿನ ಗೋಡೆಯ ಷೋಕೇಸಿನಲ್ಲಿ ಲೋಟಗಳು ಗಣಗಣ ಕುಣಿಯುತ್ತಿವೆ. ಲೆಕ್ಕ ಹಾಕಿದೆ: 40 ಹರ್ಟ್ಜ್‌ನ ಅಲೆ ಸುಮಾರು 28 ಅಡಿ ಉದ್ದ, ನಮ್ಮ ಹಾಲ್ 14 ಅಡಿ. ಅರ್ಧ ಅಲೆ ಅಳೆದಿಟ್ಟಂತೆ ಹಿಡಿಸುವ ಇಂಥ ಕೋಣೆಯಲ್ಲಿ ಆ ಸದ್ದು ಗೋಡೆಗಳ ಹತ್ತಿರ ಗುಡ್ಡೆ ಬೀಳುತ್ತದೆ, ನಟ್ಟನಡುವೆ ಬರಗಾಲ.

ಇದಕ್ಕೆ ಬಲ್ಲವರು ಹೇಳುವ ಮದ್ದೊಂದಿದೆ. ನಾವು ಕೂರುವ ಜಾಗದಲ್ಲಿ ಪೆಟ್ಟಿಗೆಯನ್ನು ಕೂರಿಸಿ, ನಾವು ಗೋಡೆಗುಂಟ ಅಂಬೆಗಾಲಿಡಬೇಕು. ಎಲ್ಲಿ ಗುಂ ಎನ್ನುವುದು ತುಂಬಿಕೊಂಡು ಕೇಳುತ್ತದೋ ಅದೇ ಪೆಟ್ಟಿಗೆಯ ಜಾಗ. ಭಾನುವಾರ ಬೆಳಿಗ್ಗೆ ಸಬ್‌ವೂಫರ್ ಸೋಫಾದ ಮೇಲೆ ಮಾವನವರ ಹಾಗೆ ಗಂಭೀರವಾಗಿ ಕೂತಿತ್ತು. ಲುಂಗಿ ಮೇಲೆತ್ತಿ ಕಟ್ಟಿಕೊಂಡು, ತಲೆ ಓರೆ ಮಾಡಿ, ನಾನು ಷೂ ಸ್ಟ್ಯಾಂಡಿನ ತನಕ ತಲುಪಿದ್ದೆ. ಆಗ ಬಾಗಿಲು ತಳ್ಳಿಕೊಂಡು ಬಂದವರು ನಿಜವಾದ ಮಾವನವರು, ಕೈಯಲ್ಲಿ ಪೇಢೆ ಡಬ್ಬಿ.

"ಏನ್ ಕಳಕೊಂಡೀರಿ, ಅಳಿಯಂದ್ರ?"

"ಡಗ್ಗಾಕ್ಕ ಜಾಗಾ ಹುಡಕಾಕತ್ತಾರಪ್ಪಾ" ಎಂದು ಅಡುಗೆಮನೆಯಿಂದಲೇ ಉತ್ತರ ಬಂತು.

ಅವರು ಮರುಮಾತಾಡಲಿಲ್ಲ. ಪೇಢೆ ಕೆಳಗಿಟ್ಟು, ಧೋತರ ಸಾವರಿಸಿಕೊಂಡು, ನನ್ನ ಪಕ್ಕ ಮಂಡಿಯೂರಿ ಕಣ್ಣು ಮುಚ್ಚಿದರು. ಆಮೇಲೆ ದೇವರಮನೆ ಬಾಗಿಲ ಪಕ್ಕದ ಮೂಲೆಗೆ ಸರಿದು, "ಇಲ್ಲೇ ನೋಡ್ರಿ" ಎಂದು ನೆಲ ತಟ್ಟಿದರು. ಸರಿಯಾಗಿಯೇ ಇತ್ತು. ಮೈಸೂರಿನ ಮಾನ ಇನ್ನೇನೂ ಉಳಿದಿರಲಿಲ್ಲ.

ಪೆಟ್ಟಿಗೆ ಈಗಲೂ ಅಲ್ಲೇ ಇದೆ. ಕೆಳಗಿನ ಮನೆಯವರು ಎರಡು ಸಲ ಬೆಲ್ ಮಾಡಿದ ಮೇಲೆ ಅದರಡಿಗೆ ದಪ್ಪ ರಬ್ಬರ್ ಮ್ಯಾಟ್ ಬಂದಿದೆ. ಮಹಡಿ ಮೇಲೆ ಬಾಡಿಗೆಗಿರುವವರು ಒಳಗೇ ಇರುವುದನ್ನು ಕೊಳ್ಳಿ. ಸ್ವಂತ ಮನೆಯಿದ್ದು ಕೆಳಗೆ ಬರೀ ಮಣ್ಣಿರುವ ಪುಣ್ಯವಂತರು ಬೇರೆಯದನ್ನೇ ತನ್ನಿ. ಜಾಗ ಹುಡುಕುವಾಗ ಮಾತ್ರ ಲುಂಗಿ ಬೇಡ, ಪ್ಯಾಂಟ್ ಹಾಕಿಕೊಳ್ಳಿ. ಬಾಗಿಲ ಚಿಲಕವನ್ನೂ ಹಾಕಿ.