ಅಡ್ಡಿಲ್ಲೆ ಮರ್ರೆ!

ಕುಂದಾಪ್ರದವರನ್ನು ನಗಿಸಬಹುದು, ಅಳಿಸಬಹುದು, ಕೊಯ್ಲಾದ ಗದ್ದೆಯಲ್ಲಿ ಚಾಪೆ ಹಾಸಿ ಇಡೀ ರಾತ್ರಿ ಕೂರಿಸಲೂಬಹುದು. ಅವರ ಬಾಯಿಂದ ಒಂದು ಒಳ್ಳೆಯ ಮಾತು ಹೊರಡಿಸುವುದು ಮಾತ್ರ ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನಿಗೂ ಕಷ್ಟ. ಬೆಳಗಿನ ಜಾವ ಆಟ ಮುಗಿಸಿ, ಕಣ್ಣು ಕೆಂಪಗೆ ಮಾಡಿಕೊಂಡು ಬರುವವರನ್ನು ತಡೆದು "ಹ್ವಾಯ್, ಆಟ ಹ್ಯಾಂಗಾಯ್ತ್?" ಎಂದು ಕೇಳಿ ನೋಡಿ. ಚಂಡೆಯ ಪೆಟ್ಟು ಕಿವಿಯಲ್ಲಿ ಇನ್ನೂ ಗುಂಯ್ ಅನ್ನುತ್ತಿರುತ್ತದೆ, ಆದರೂ ಉತ್ತರ ಒಂದೇ: "ಅಡ್ಡಿಲ್ಲೆ." ಬೈಂದೂರಿನವರು ಸ್ವಲ್ಪ ಧಾರಾಳಿಗಳು, "ಅಡ್ಡಿಲ್ಲೆ ಮರ್ರೆ" ಅನ್ನುತ್ತಾರೆ. ಬ್ರಹ್ಮಾವರದವರು ಬರೀ ತಲೆ ಅಲ್ಲಾಡಿಸಿ ಬಸ್ ಹತ್ತುತ್ತಾರೆ.

ಇಷ್ಟಾದರೂ ವೇಷದವರ ಪಾಡು ಪರವಾಗಿಲ್ಲ. ಭಾಗವತರು ರಾಗ ಎಳೆದರೆ ಶಿಳ್ಳೆ ಬೀಳುತ್ತದೆ, ಚೌಕಿಯಲ್ಲಿ ಕೈಕುಲುಕುವವರಿರುತ್ತಾರೆ. ಇಡೀ ಕಥೆ ಕಟ್ಟಿ ಪದ್ಯ ಹೊಸೆದ ಪ್ರಸಂಗಕರ್ತ ಇದ್ದಾನಲ್ಲ, ಅವನ ಪಾಡು ಕೇಳಬೇಡಿ. ಕರಪತ್ರದ ತುಂಬ ಕಲಾವಿದರ ಫೋಟೋ, ಕೆಳಗೆ ಮೂಲೆಯಲ್ಲಿ, ಪ್ರೆಸ್ಸಿನ ಹೆಸರಿಗಿಂತ ಒಂದೇ ಒಂದು ಅಂಗುಲ ಮೇಲೆ, ಇವನ ಹೆಸರು.

ಅವನು ಮಾಡುವಂಥ ಕೆಲಸಕ್ಕೇ ಈಗಿನ ಮಕ್ಕಳು ‘ಫ್ಯಾನ್ ಫಿಕ್ಷನ್’ ಅನ್ನುತ್ತಾರೆ. ಯಾರೋ ಬರೆದ ಕಥೆಯ ಪಾತ್ರಗಳನ್ನು ಪ್ರೀತಿಯಿಂದ ಎತ್ತಿಕೊಂಡು ತಮ್ಮದೇ ಹೊಸ ಕಥೆ ಬರೆಯುವುದಂತೆ. ಮೊನ್ನೆ ಮೊನ್ನೆ ಹುಟ್ಟಿದ್ದು ಅಂತ ಅವರ ಲೆಕ್ಕ. ಅಯ್ಯೋ ಮಾರಾಯ್ರೆ, ನಮ್ಮ ಕಡೆ ಅದೇ ಕಸುಬಲ್ಲವೇ! ‘ಕೃಷ್ಣಾರ್ಜುನ ಕಾಳಗ’ವನ್ನು ವ್ಯಾಸಭಾರತದಲ್ಲಿ ದೀಪ ಹಿಡಿದು ಹುಡುಕಿ, ಸಿಕ್ಕುವುದಿಲ್ಲ. ಗಯನೆಂಬ ಗಂಧರ್ವನಿಗಾಗಿ ಕೃಷ್ಣನನ್ನೂ ಅರ್ಜುನನನ್ನೂ ಎದುರುಬದುರು ನಿಲ್ಲಿಸಿ ನಮಗೆ ರಾತ್ರಿಯಿಡೀ ತೋರಿಸಿದ್ದು ಹಳೆಮಕ್ಕಿ ರಾಮನ ಪ್ರಸಂಗ. ಅಭಿಮನ್ಯುವಿಗೆ ಬಲರಾಮನ ಮಗಳನ್ನು ತಂದುಕೊಡುವ ‘ಕನಕಾಂಗಿ ಕಲ್ಯಾಣ’ವೂ ವ್ಯಾಸರಿಗೆ ಗೊತ್ತಿಲ್ಲದ ಮದುವೆ. ಮೇಲಾಗಿ ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯ ಮಾತ್ರ, ಮಾತೆಲ್ಲ ಅಲ್ಲಲ್ಲೇ ಹುಟ್ಟಬೇಕು. ಅಂದರೆ ನಮ್ಮ ಅರ್ಥಧಾರಿಗಳು ದಿನಾ ರಾತ್ರಿ ಕರ್ಣನ ಬಾಯಲ್ಲಿ ಹೊಸ ಹೊಸ ಮಾತು ಆಡಿಸುತ್ತಲೇ ಬಂದವರು.

ಗುಂಡ್ಮಿ ಕಾಳಿಂಗ ನಾವಡರನ್ನೇ ತೆಗೆದುಕೊಳ್ಳಿ. ಸಾಲಿಗ್ರಾಮ ಮೇಳದಲ್ಲಿ ಹಾಡಿ ಊರೂರು ಹುಚ್ಚು ಹಿಡಿಸಿದ ಭಾಗವತರು, ‘ನಾಗಶ್ರೀ’ಯಂಥ ಪ್ರಸಂಗ ಬರೆದವರೂ ಅವರೇ. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ವಯಸ್ಸು ಮೂವತ್ತೆರಡರ ಆಸುಪಾಸು. ಅಂದಿನಿಂದ ಇಂದಿನವರೆಗೆ ರಂಗಸ್ಥಳಕ್ಕೆ ಬಂದ ಹೊಸ ಹುಡುಗರೆಲ್ಲ ಕೇಳುತ್ತಿರುವ ಮಾತು, "ಅಡ್ಡಿಲ್ಲೆ, ಆದ್ರೆ ನಾವಡ್ರಂಗಿಲ್ಲೆ." ನಾವಡರು ಹಾಡುತ್ತಿದ್ದಾಗ ಇದೇ ಜನ ಅವರಿಗಿಂತ ಹಿಂದಿನವರನ್ನು ನೆನೆದು ನಿಟ್ಟುಸಿರು ಬಿಡುತ್ತಿದ್ದರೆಂದು ನನ್ನ ಗುಮಾನಿ. ಅವರ ಪ್ರಸಂಗ ನೋಡಿ ‘ಪುರಾಣದಲ್ಲಿ ಇಲ್ಲದ ಕಥೆ, ಇದೆಂಥ ಯಕ್ಷಗಾನ?’ ಅಂದವರೂ ಇದ್ದರು. ಅಂದವರು ಟಿಕೆಟ್ ತೆಗೆದು ಒಳಗೆ ಕೂತೇ ಅಂದದ್ದು, ಅದು ಬೇರೆ.

ಹೊಗಳುವವರಿಲ್ಲದಿದ್ದರೆ ಬರೆಯುವವನು ಏನು ಮಾಡಬೇಕು? ನಂದಳಿಕೆಯ ಲಕ್ಷ್ಮೀನಾರಣಪ್ಪ ಒಂದು ಉಪಾಯ ಮಾಡಿದ. ಉಡುಪಿಯಲ್ಲಿ, ಕೆಲಕಾಲ ನಮ್ಮ ಕುಂದಾಪುರದಲ್ಲೂ, ಮಕ್ಕಳಿಗೆ ಡ್ರಿಲ್ ಮಾಡಿಸುತ್ತಿದ್ದ ಮೇಷ್ಟ್ರು. ‘ರತ್ನಾವತಿ ಕಲ್ಯಾಣ’, ‘ಕುಮಾರ ವಿಜಯ’ ಎಂಬ ಯಕ್ಷಗಾನ ಪ್ರಸಂಗಗಳನ್ನು ಬರೆದಾತ. ಆಮೇಲೆ ರಾಮಾಯಣದ ಬೆನ್ನು ಹತ್ತಿ ‘ಅದ್ಭುತ ರಾಮಾಯಣ’ ಬರೆದ. ಡ್ರಿಲ್ ಮೇಷ್ಟ್ರ ಕಾವ್ಯವನ್ನು ಯಾರು ಓದುತ್ತಾರೆ? ಹಳೆಯ ಕವಿಯ ಗ್ರಂಥವೆಂದು ಹೇಳಿ ಮೈಸೂರಿಗೆ ಕಳಿಸಿಬಿಟ್ಟ. ಅಲ್ಲಿಯ ಪಂಡಿತರು ‘ಆಹಾ, ಪ್ರಾಚೀನ ಶೈಲಿ!’ ಎಂದು ಅಚ್ಚು ಹಾಕಿಸಿದರು. 1901ರಲ್ಲಿ ಕ್ಷಯದಿಂದ ಸತ್ತಾಗ ಆತನಿಗೆ ಮೂವತ್ತೊಂದು. ಮುದ್ದಣನೆಂದು ಹಾಡಿಹೊಗಳಿದ್ದೆಲ್ಲ ಆಮೇಲಿನ ಮಾತು. ಸತ್ತ ಮೇಲೆ ‘ಅಡ್ಡಿಲ್ಲೆ’ಗೆ ಬಡ್ತಿ ಕೊಡುವುದರಲ್ಲಿ ನಮ್ಮ ಜಿಲ್ಲೆಯವರನ್ನು ಮೀರಿಸುವವರಿಲ್ಲ.

ಆದರೆ ಮೇಷ್ಟ್ರು ಜಾಣ. ಹೊರಗೆ ಸಿಗದ ಓದುಗರನ್ನು ಪುಸ್ತಕದ ಒಳಗೇ ಕೂರಿಸಿಕೊಂಡ. ‘ರಾಮಾಶ್ವಮೇಧ’ದ ಮನೋರಮೆ ಏನು ಸುಮ್ಮನೆ ಹೂಂಗುಟ್ಟುವ ಹೆಂಡತಿಯೇ? ಪದ್ಯ ಬೇಡ, ಗದ್ಯದಲ್ಲಿ ಹೇಳು ಅನ್ನುತ್ತಾಳೆ. ಸಂಸ್ಕೃತ ಜಾಸ್ತಿಯಾದರೆ ತಡೆಯುತ್ತಾಳೆ, ಗಂಡನ ಕಾಲೆಳೆಯುತ್ತಾಳೆ, ಕಥೆ ಮುಂದೆ ಹೇಳೆಂದು ಕಾಡುತ್ತಾಳೆ. ಬರೆಯುವವರಿಗೆ ಬೇಕಾದ್ದು ಇಂಥ ಗಿರಾಕಿ. ‘ಅತ್ಯದ್ಭುತ, ಅಮೋಘ’ ಅನ್ನುವವರು ಮೊದಲ ಪುಟವನ್ನಾದರೂ ತಿರುವಿದ್ದಾರೋ ಇಲ್ಲವೋ ದೇವರಿಗೇ ಗೊತ್ತು. ಮಧ್ಯೆ ಬಾಯಿ ಹಾಕುವವರು ಮಾತ್ರ ಖಂಡಿತ ಕೇಳಿಸಿಕೊಂಡಿದ್ದಾರೆ.

ಕುಂದಾಪುರದ ಒಬ್ಬ ಹುಡುಗಿಗೆ ಬೇರೆ ರೀತಿಯ ಗಿರಾಕಿ ಸಿಕ್ಕಿದ್ದರು. ‘ಸುಧಾ’ ವಾರಪತ್ರಿಕೆಗೆ ಕಥೆ ಕಳಿಸಿ, ಆಮೇಲೆ ಹೆದರಿ, ಅದರಲ್ಲಿ ನಡೆದ ಸಂಗತಿ ಇದೆ, ಹಾಕಬೇಡಿ ಎಂದು ಬರೆದಳಂತೆ. ಸಂಪಾದಕರು ಕಥೆಯನ್ನು ಬಿಡಲಿಲ್ಲ, ಬರೆದವಳ ಹೆಸರು ಬದಲಿಸಿ ವೈದೇಹಿ ಎಂದು ಅಚ್ಚು ಹಾಕಿದರು. ಆ ಸಂಪಾದಕರು ‘ಆಯ್ತಮ್ಮ’ ಎಂದು ಕಥೆಯನ್ನು ವಾಪಸ್ ಕಳಿಸಿದ್ದರೆ? ವೈದೇಹಿಯವರು ಮುಂದೆ ಕಾಳಿದಾಸನ ಶಕುಂತಲೆಯನ್ನು ಎದುರು ಕೂರಿಸಿಕೊಂಡು, ಅವಳ ಬಾಯಲ್ಲೇ ಅವಳ ಕಥೆ ಹೇಳಿಸಿದರಲ್ಲ, ಅದೂ ನಮ್ಮ ಮಕ್ಕಳು ಹೇಳುವ ‘ಫ್ಯಾನ್ ಫಿಕ್ಷನ್’ ಜಾತಿಗೇ ಸೇರಿದ್ದು. ಆ ಇಂಗ್ಲಿಷ್ ಹೆಸರಿಟ್ಟರೆ ಅವರು ನಕ್ಕಾರು.

ನನ್ನ ತಂಗಿಯ ಮಗಳೂ ಬರೆಯುತ್ತಾಳೆ. ಕನಕಾಂಗಿ ಆಟ ನೋಡಿ ಬಂದವಳಿಗೆ ಹೊಳೆದದ್ದು, ಮದುವೆ ತಪ್ಪಿದ ಮದುಮಗ ಲಕ್ಷ್ಮಣಕುಮಾರನ ಗತಿ. ಘಟೋತ್ಕಚ ಮಾಯೆ ಮಾಡಿ ಹೋದ, ನಾವು ನಕ್ಕೆವು, ಮಂಗಳ ಹಾಡಿದರು. ಮಾಣಿ ಬಾಸಿಂಗ ಬಿಚ್ಚಿಟ್ಟು ಹಸ್ತಿನಾವತಿಗೆ ಹೋದಾಗ ತಾಯಿ ಭಾನುಮತಿ ಎಂತ ಅಂದಳು? ನೋಟ್ ಬುಕ್ಕಿನಲ್ಲಿ ಬರೆದು ಮನೆಯವರಿಗೆಲ್ಲ ಓದಿದಳು. ಅವಳ ದೊಡ್ಡಪ್ಪ, ನಿವೃತ್ತ ಮೇಷ್ಟ್ರು, ಕನ್ನಡಕ ಏರಿಸಿ "ಅಲ್ಪಪ್ರಾಣ ಮಹಾಪ್ರಾಣ ಕಾಣ್ ಹೆಣೆ" ಎಂದು ನೋಟ್ ಬುಕ್ ವಾಪಸ್ ಕೊಟ್ಟರು. ಅವಳ ಅಪ್ಪಯ್ಯ "ಅಡ್ಡಿಲ್ಲೆ" ಎಂದು ಪೇಪರ್ ಮಡಚಿದರು. ನಾನು ಮಾವನಲ್ಲವೇ, ದೊಡ್ಡದಾಗಿ "ಭಾರಿ ಲಾಯ್ಕಾಯ್ತ್!" ಅಂದೆ. ಹುಡುಗಿ ಮುಖ ನೋಡಿದರೆ ನನ್ನ ಮಾತನ್ನು ನಂಬಿದ ಲಕ್ಷಣ ಇಲ್ಲ.

ಒಳಗೆ ತೆಂಗಿನಕಾಯಿ ತುರಿಯುತ್ತಿದ್ದ ಅಮ್ಮಮ್ಮ ಅಲ್ಲಿಂದಲೇ ಕೇಳಿದರು: "ಪಾಪ, ಆ ಮಾಣಿ ರಾತ್ರಿ ಉಂಡ್ತಾ, ಇಲ್ಯಾ?"

ಹುಡುಗಿ ಮಾತಾಡದೆ ಪೆನ್ನು ತೆಗೆದುಕೊಂಡು ಚಾವಡಿಗೆ ಹೋದಳು. ಸಂಜೆಯೊಳಗೆ ಭಾನುಮತಿ ಮಗನಿಗೆ ಬಡಿಸುವ ಇಡೀ ದೃಶ್ಯ ತಯಾರು. ಅವನು ತಲೆ ಎತ್ತದೆ ಉಣ್ಣುತ್ತಾನೆ, ಅವಳು ಮದುವೆಯ ಸುದ್ದಿ ತೆಗೆಯದೆ ಮತ್ತೆ ಮತ್ತೆ ತುಪ್ಪ ಬಡಿಸುತ್ತಾಳೆ. ಕಥೆಯಲ್ಲಿ ಅದೇ ಒಳ್ಳೆಯ ಭಾಗ, ಇದು ಮಾವನ ಮಾತಲ್ಲ, ಓದಿದವರ ಮಾತು. ಅಮ್ಮಮ್ಮ ಹೊಗಳಲೇ ಇಲ್ಲ, ಗಮನಿಸಿ. ಕಥೆಯ ಹುಡುಗ ಅವರ ಮನೆಯ ಜಗಲಿಗೆ ಬಂದು ಕೂತಿದ್ದ, ಅಷ್ಟೇ.

ದೀಪಾವಳಿ ಕಳೆದ ಮೇಲೆ ಮೇಳಗಳು ಹೊರಡುತ್ತವೆ. ಮಂದಾರ್ತಿಯ ಐದು ಮೇಳದ ಹರಕೆ ಆಟಕ್ಕೆ ವರ್ಷಗಟ್ಟಲೆ ಕಾಯುವ ಜನ ನೀವು, ನಿಮಗೆ ತಾಳ್ಮೆ ಹೇಳಿಕೊಡಬೇಕಿಲ್ಲ. ಈ ಸಲ ಡೇರೆ ಆಟದಲ್ಲಿ ಹೊಸ ಪ್ರಸಂಗ ಬಿದ್ದರೆ ಕರಪತ್ರದ ಮೂಲೆಯ ಹೆಸರು ಓದಿಕೊಳ್ಳಿ. ಆ ಮನುಷ್ಯ ಚೌಕಿಯ ಆಸುಪಾಸಿನಲ್ಲೇ ಎಲ್ಲೋ ಕೈಕಟ್ಟಿ ನಿಂತು, ಜನ ಎಲ್ಲಿ ನಕ್ಕರು, ಎಲ್ಲಿ ಎದ್ದುಹೋದರು ಅಂತ ನೋಡುತ್ತಿರುತ್ತಾನೆ. ಹೋಗಿ, ಯಾವ ಪದ್ಯ ಹಿಡಿಸಿತು ಹೇಳಿ. ಪದ್ಯ ನೆನಪಿಲ್ಲದಿದ್ದರೆ ಯಾವ ಪಾತ್ರಕ್ಕೆ ಅನ್ಯಾಯವಾಯಿತೆಂದು ಜಗಳವನ್ನಾದರೂ ಆಡಿ. ಜಗಳ ಮುಗಿದ ಮೇಲೆ ಒಂದು ಚಾ ಕುಡಿಸಿದಿರೋ, ಬರುವ ವರ್ಷಕ್ಕೆ ಇನ್ನೊಂದು ಪ್ರಸಂಗ ಗ್ಯಾರಂಟಿ.