ಪಂಪು ಕೆಳಗಿಡಿ, ಸ್ವಾಮಿ

ಶನಿವಾರ ಬಂದು ಭಾನುವಾರ ಹಿಂದಿರುಗುವ ಕಬ್ಬಾಳು ಸೀಮೆಯ ತೋಟಗಾರ ಮಹನೀಯರೇ,

ಕಾರಿನ ಡಿಕ್ಕಿಯಲ್ಲಿ ಕುಂಡ, ಬೀಜದ ಪೊಟ್ಟಣ, ಕೊಕೊಪೀಟ್ ಇಟ್ಟಿಗೆ ತುಂಬಿಕೊಂಡು ತಾವು ಕಬ್ಬಾಳಮ್ಮನ ಸೀಮೆಗೆ ದಯಮಾಡಿಸುತ್ತಿರುವುದು ಸಂತೋಷ. ತೆಂಗಿನ ಮರದ ನೆರಳಲ್ಲೇ ಕೂತು ದುಡ್ಡು ಕೊಟ್ಟು ತಂದ ತೆಂಗಿನ ನಾರನ್ನು ನೆನೆಹಾಕುವ ನಿಮ್ಮ ಔದಾರ್ಯಕ್ಕೂ ತಕರಾರಿಲ್ಲ. ತಕರಾರೇನಿದ್ದರೂ ಡಿಕ್ಕಿಯ ಮೂಲೆಯಲ್ಲಿರುವ ಆ ಸ್ಪ್ರೇ ಪಂಪಿನ ಮೇಲೆ. ದಾಸವಾಳದ ಚಿಗುರಲ್ಲಿ ಒಂದು ಬಿಳಿ ಚುಕ್ಕೆ ಕಂಡರೆ ಸಾಕು, ತಾವು ಅದನ್ನು ಹೆಗಲಿಗೇರಿಸಿ ಯುದ್ಧಕ್ಕೆ ಹೊರಡುತ್ತೀರಿ. ಬೇಲಿಯಾಚೆಗೆ ಹಿಪ್ಪುನೇರಳೆ ತೋಟವಿದೆ ಎಂಬುದು ಮಾತ್ರ ನೆನಪಿಗೆ ಬರುವುದಿಲ್ಲ.

ಕೊಂಚ ಊರಿನ ಪರಿಚಯ. ಕಬ್ಬಾಳಿನ ಬೆಟ್ಟ ಹೈದರ್, ಟಿಪ್ಪು ಕಾಲದಲ್ಲಿ ಸೆರೆಮನೆ. ಮೈಸೂರು ಸೀಮೆಗೆ ರೇಷ್ಮೆ ಕೃಷಿ ಹಬ್ಬಿಸಿದವನೂ ಅದೇ ಟಿಪ್ಪು. ಸೆರೆಮನೆ ಮುಚ್ಚಿತು, ರೇಷ್ಮೆ ಉಳಿಯಿತು. ಇಲ್ಲಿನ ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ರೇಷ್ಮೆ ಹುಳು ಸಾವಿರಾರು ವರ್ಷ ಮನುಷ್ಯನ ಕೈಯಲ್ಲೇ ಬೆಳೆದು, ಮೇವು ಹುಡುಕಿಕೊಂಡು ಹೋಗುವುದನ್ನೂ ಮರೆತ ಜೀವಿ. ಹಾಕಿದ ಹಿಪ್ಪುನೇರಳೆ ಸೊಪ್ಪು ತಿನ್ನುತ್ತದೆ. ಸೊಪ್ಪಿನ ಮೇಲೆ ಔಷಧಿ ಬಿದ್ದಿದ್ದರೆ ಸಾಯುತ್ತದೆ. ಅದು ತನ್ನ ಜನ್ಮದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ಪಾಲು ನಾಲ್ಕನೇ ಜ್ವರ (ಪೊರೆ ಕಳಚುವ ಹಂತಕ್ಕೆ ರೈತರ ಹೆಸರು) ಎದ್ದ ಮೇಲಿನದು. ಅಂದರೆ ರೈತನ ದುಡ್ಡು, ಕೂಲಿ, ನಿದ್ದೆ ಎಲ್ಲವೂ ಹುಳುವಿನ ಹೊಟ್ಟೆ ಸೇರುವ ಕೊನೆಯ ವಾರದಲ್ಲೇ ನಿಮ್ಮ ಭಾನುವಾರವೂ ಬಂದುಬಿಡಬಹುದು.

‘ನಾವು ವಿಷ ಹೊಡೆಯುವುದಿಲ್ಲ, ಬೇವಿನೆಣ್ಣೆ ಮಾತ್ರ, ಅಪ್ಪಟ ಸಾವಯವ’ ಎನ್ನುತ್ತೀರಿ. ಬೇವಿನ ಹೆಚ್ಚುಗಾರಿಕೆಯೇ ಅದರಲ್ಲಿರುವ ಅಜಾಡಿರಕ್ಟಿನ್. ಎಲೆ ತಿನ್ನುವ ಹುಳುವಿಗೆ ಅದು ಮೇವು ಸೇರದಂತೆ ಮಾಡುತ್ತದೆ, ಪೊರೆ ಕಳಚದಂತೆ ತಡೆಯುತ್ತದೆ. ರೇಷ್ಮೆ ಹುಳು ಎಲೆ ತಿನ್ನುವ ಹುಳುವೇ. ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಕಳಚಲೇಬೇಕು. ಸಾವಯವ ಎಂಬ ಚೀಟಿಯನ್ನು ಓದಲು ಅದಕ್ಕೆ ಬರುವುದಿಲ್ಲ. ಹೊಗೆಸೊಪ್ಪಿನ ಕಷಾಯವಂತೂ ಇನ್ನೂ ಘೋರ. ನಿಕೋಟಿನ್ ಸೋಕಿದ ಸೊಪ್ಪು ತಿಂದ ಹುಳು ವಾಂತಿ ಮಾಡಿಕೊಂಡು ಸಾಯುತ್ತದೆ.

ಇನ್ನು ಕೆಲವರು, ‘ರೈತರೇ ತೋಟಕ್ಕೆ ಔಷಧಿ ಹೊಡೆಯುತ್ತಾರಲ್ಲ’ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಹೊಡೆಯುತ್ತಾರೆ, ಆದರೆ ಹೊಡೆದ ಮೇಲೆ ಇಷ್ಟು ದಿನ ಸೊಪ್ಪು ಕೊಯ್ಯಬಾರದು ಎಂದು ಲೆಕ್ಕ ಹಾಕಿ ಕಾಯುತ್ತಾರೆ. ನೀವು ಗಾಳಿಗೆ ತೂರಿದ್ದರ ಲೆಕ್ಕ ಅವರ ಬಳಿ ಇರುವುದಿಲ್ಲ. ಸಂಜೆಗೆ ನೀವು ಬೆಂಗಳೂರಲ್ಲಿ, ಬೆಳಗಾದರೆ ಆ ಸೊಪ್ಪು ಹುಳು ಮನೆಯಲ್ಲಿ.

ಹಾಗಾದರೆ ದಾಸವಾಳದ ಗತಿ? ಆ ಬಿಳಿ ಚುಕ್ಕೆ ಹಿಟ್ಟು ತಿಗಣೆ. ಅದರಲ್ಲೂ ಗುಲಾಬಿ ಜಾತಿಯದು ಹಿಪ್ಪುನೇರಳೆಗೂ ಹತ್ತಿ, ಚಿಗುರು ಮುರುಟಿಸಿ ‘ತುಕ್ರ’ ತರುತ್ತದೆ. ಆದ್ದರಿಂದ ಬಿಟ್ಟುಬಿಡಿ ಎಂದು ನಾನೂ ಹೇಳುವುದಿಲ್ಲ. ನಿಮ್ಮ ಬೇಲಿ ಅದಕ್ಕೆ ಛತ್ರವಾಗಬಾರದು. ಮುರುಟಿದ ಚಿಗುರನ್ನು ಕತ್ತರಿಯಲ್ಲಿ ಕತ್ತರಿಸಿ ಸೋಪಿನ ನೀರಿನ ಬಕೆಟ್ಟಿಗೆ ಹಾಕಿ. ಉಳಿದದ್ದಕ್ಕೆ ಪೈಪಿನಿಂದ ರಭಸವಾಗಿ ನೀರು ಬಿಡಿ. ತಿಗಣೆ ಸುರಿಸುವ ಸಿಹಿಗೆ ಇರುವೆ ಸಾಲುಗಟ್ಟುತ್ತದೆ, ಪ್ರತಿಯಾಗಿ ತಿಗಣೆಗೆ ಕಾವಲು ನಿಲ್ಲುತ್ತದೆ. ಮೊದಲು ಇರುವೆಯ ದಾರಿ ತಪ್ಪಿಸಿ. ಆಮೇಲೆ ಗುಲಗಂಜಿ ಹುಳು ಬಂದು ಊಟ ಮುಗಿಸಲಿ. ರೇಷ್ಮೆ ಇಲಾಖೆಯವರೂ ತುಕ್ರಕ್ಕೆ ಗುಲಗಂಜಿ ಹುಳು ಬಿಡಲು ಹೇಳುತ್ತಾರೆ. ನೀವು ಪಂಪು ಎತ್ತಿದರೆ ತಿಗಣೆ ಮೈಮೇಲಿನ ಮೇಣದಡಿ ಬದುಕಿಕೊಳ್ಳುತ್ತದೆ, ಮೊದಲು ಹೋಗುವುದು ಗುಲಗಂಜಿಯೇ.

ಔಷಧಿಯ ದುಡ್ಡು ಉಳಿಯಿತಲ್ಲ, ಅದರಲ್ಲಿ ಪಕ್ಕದವರಿಂದ ಒಂದೆರಡು ಚೀಲ ಹುಳುವಿನ ಹಿಕ್ಕೆ, ತಿಂದುಳಿದ ಸೊಪ್ಪಿನ ಗೊಬ್ಬರ ಕೊಳ್ಳಿ. ಹಸಿಯದನ್ನು ಬೇಡ, ರೋಗದ ಬೀಜವಿರಬಹುದು. ತಿಪ್ಪೆಯಲ್ಲಿ ಚೆನ್ನಾಗಿ ಕಳಿತದ್ದನ್ನೇ ಕೇಳಿ. ಕೊಕೊಪೀಟ್ ನೀರು ಹಿಡಿಯುತ್ತದೆ ನಿಜ, ಗಿಡಕ್ಕೆ ಊಟವನ್ನಂತೂ ಅದು ಹಾಕುವುದಿಲ್ಲ.

ಇಷ್ಟೆಲ್ಲ ಕೇಳಿಯೂ ಏನಾದರೂ ಹೊಡೆಯಲೇಬೇಕು ಎನಿಸಿದರೆ, ಬೇಲಿಯ ಹತ್ತಿರ ಹೋಗಿ ಒಂದೇ ಮಾತು ಕೇಳಿ: ‘ಗೌಡ್ರೇ, ಹುಳ ಎಷ್ಟನೇ ಜ್ವರದಲ್ಲಿದೆ?’ ಉತ್ತರ ಬರುವವರೆಗೆ ಪಂಪು ಡಿಕ್ಕಿಯಲ್ಲೇ ಇರಲಿ.