ನಮ್ಮ ಪರೇಲಿನ ರೂಟಣ್ಣ

ಮುಂಬಯಿಯ ಪರೇಲಿಗೆ ಏಪ್ರಿಲ್ ಬಂತೆಂದು ನಮಗೆ ಸೆಖೆಯಿಂದ ತಿಳಿಯುವುದಿಲ್ಲ, ಸೆಖೆ ಇಲ್ಲಿ ಹನ್ನೆರಡು ತಿಂಗಳೂ ಇರುತ್ತದೆ. ಲಿಫ್ಟಿನಲ್ಲಿ ರೂಟಣ್ಣ ಕೇಳುವ ಎರಡು ಪ್ರಶ್ನೆಗಳಿಂದ ತಿಳಿಯುತ್ತದೆ. ಮೊದಲನೆಯದು, “ಊರಿಗೆ ಯಾವಾಗ?” ಇದು ಬರೀ ಪೀಠಿಕೆ, ನೀವು ಏನು ಉತ್ತರ ಕೊಟ್ಟರೂ ಅದು ಅವರ ಕಿವಿಗೆ ಬೀಳುವುದಿಲ್ಲ. ಅಸಲು ಪ್ರಶ್ನೆ ಎರಡನೆಯದು: “ಯಾವ ರೂಟ್?”

ಇದಕ್ಕೆ ಸರಿಯುತ್ತರ ಇಲ್ಲ. ‘ಗೋವಾ ಹೈವೇ’ ಎಂದರೆ ಅವರ ಹುಬ್ಬು ಮೇಲೇರುತ್ತದೆ. ‘ಪುಣೆ, ಬೆಳಗಾವಿ’ ಎಂದರೆ ನಾಲಿಗೆ ಲೊಚಗುಟ್ಟುತ್ತದೆ. ‘ಈ ಸಲ ಮತ್ಸ್ಯಗಂಧ ರೈಲಿನಲ್ಲಿ ಟಿಕೆಟ್ ಸಿಕ್ಕಿದೆ ಅಣ್ಣ’ ಎಂದರೆ ಮಾತ್ರ ನಿಮ್ಮನ್ನು ಕನಿಕರದಿಂದ ಒಮ್ಮೆ ನೋಡಿ, ತಮ್ಮ ಮಹಡಿ ಬರುವ ಮೊದಲೇ ಇಳಿದುಬಿಡುತ್ತಾರೆ.

ಅವರ ನಿಜವಾದ ಹೆಸರು ಸೊಸೈಟಿಯ ಮೇಂಟೆನೆನ್ಸ್ ಬಿಲ್ಲಿನಲ್ಲಿ ಮಾತ್ರ ಉಳಿದಿದೆ. ಉಡುಪಿ ಕಡೆಯವರು. ಹದಿನಾಲ್ಕನೆಯ ವಯಸ್ಸಿಗೆ ಮುಂಬಯಿಗೆ ಬಂದು, ಗಿರಣಿಯೊಂದರ ಕ್ಯಾಂಟೀನಿನಲ್ಲಿ ಲೋಟ ತೊಳೆದು, ಚಾ ಹಂಚಿ ದೊಡ್ಡವರಾದರು. 1982ರ ಜನವರಿಯಲ್ಲಿ ದತ್ತಾ ಸಾಮಂತರ ಗಿರಣಿ ಮುಷ್ಕರ ಶುರುವಾಯಿತು. ಗಿರಣಿಯ ಭೋಂಗಾ ಕೂಗುವುದು ನಿಂತಿತು, ಕ್ಯಾಂಟೀನಿನ ಒಲೆ ಆರಿತು. ಊರಿನವರೊಬ್ಬರ ಕೈಕಾಲು ಹಿಡಿದು, ಮಂಗಳೂರು ಬಸ್ಸಿನ ಟಿಕೆಟ್ ಬರೆಯುವ ಕೌಂಟರಿನಲ್ಲಿ ಕುಳಿತವರು ನಿವೃತ್ತರಾಗುವ ತನಕ ಎದ್ದಿಲ್ಲ. ಕೊಂಕಣ ರೈಲು 1998ರಲ್ಲಿ ಪೂರ್ತಿ ತೆರೆಯುವವರೆಗೆ ಊರಿಗೆ ಹೋಗುವ ನಮ್ಮವರಿಗೆಲ್ಲ ಬಸ್ಸೇ ಗತಿ. ರಾತ್ರಿಯಿಡೀ ಬಸ್ಸು ಬಿಟ್ಟು ಬಂದ ಡ್ರೈವರುಗಳು ಬೆಳಿಗ್ಗೆ ಅಣ್ಣನ ಕೌಂಟರಿಗೆ ಬಂದು ಚಾ ಕುಡಿಯುತ್ತ ದಾರಿಯ ಸಮಾಚಾರ ಹೇಳುತ್ತಿದ್ದರು: ಯಾವ ಘಟ್ಟದಲ್ಲಿ ಲಾರಿ ಮಗುಚಿದೆ, ಯಾವ ಹೊಳೆ ಸೇತುವೆ ಮುಟ್ಟಿದೆ, ಯಾವ ಢಾಬಾದವನು ಸಾಂಬಾರಿಗೆ ಸೋಡಾ ಹಾಕುತ್ತಾನೆ. ಹೀಗೆ ಅಣ್ಣ ಕುಳಿತಲ್ಲೇ ಲಕ್ಷಾಂತರ ಕಿಲೋಮೀಟರ್ ತಿರುಗಿದರು. ವರ್ಷಕ್ಕೊಮ್ಮೆ ಮಾತ್ರ ಅದೇ ಬಸ್ಸಿನ ಕ್ಯಾಬಿನ್ನಿನಲ್ಲಿ, ಕ್ಲೀನರನ ಪಕ್ಕ ಕೂತು ತಮ್ಮ ಜ್ಞಾನವನ್ನು ಒರೆಗೆ ಹಚ್ಚಿ ನೋಡಿಕೊಳ್ಳುತ್ತಿದ್ದರು.

ಪರೇಲಿನಿಂದ ಉಡುಪಿಗೆ ಕಾರಿನಲ್ಲಿ ಹೋಗಲು ಮುಖ್ಯವಾಗಿ ಎರಡು ದಾರಿ. ಒಂದು, ಪನ್ವೆಲಿನಿಂದ ಹೊರಟು ಮಹಾಡ್, ಚಿಪ್ಳೂಣ್, ಸಾವಂತವಾಡಿ, ಗೋವಾ, ಕಾರವಾರ ಎಂದು ಕಡಲ ಮಗ್ಗುಲಲ್ಲೇ ಇಳಿಯುವ ಗೋವಾ ಹೈವೇ. ಈಗ ಅದರ ನಂಬರು 66, ಅಣ್ಣನಿಗೆ ಇಂದಿಗೂ ‘ಸೆವೆಂಟೀನ್’. ಇನ್ನೊಂದು, ಎಕ್ಸ್‌ಪ್ರೆಸ್‌ವೇ ಹಿಡಿದು ಪುಣೆ, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಹುಬ್ಬಳ್ಳಿ ಎಂದು ಘಟ್ಟದ ಮೇಲೆ ಓಡಿ, ಎಲ್ಲೋ ಒಂದು ಕಡೆ ಕರಾವಳಿಗೆ ಧುಮುಕುವುದು. ಎರಡೂ ಹೆಚ್ಚುಕಡಿಮೆ ಒಂಬೈನೂರು ಕಿಲೋಮೀಟರ್. ವ್ಯತ್ಯಾಸ ಒಂದು ಊಟದ ಹೊತ್ತಿನದು. ಆ ಒಂದು ಊಟದ ಮೇಲೆ ನಮ್ಮ ಕಟ್ಟಡದಲ್ಲಿ ನಲವತ್ತು ವರ್ಷಗಳಿಂದ ವಾದ ನಡೆಯುತ್ತಿದೆ.

ವಾದ ಮೊದಲು ಚಾಳಿನ ಗ್ಯಾಲರಿಯಲ್ಲಿ ನಡೆಯುತ್ತಿತ್ತು. ಚಾಳು ಕೆಡವಿ ಇಪ್ಪತ್ತೆರಡು ಮಹಡಿ ಎದ್ದ ಮೇಲೆ ಕೆಳಗಿನ ಲಾಬಿಗೆ ಬಂದಿದೆ. ಅಣ್ಣನ ಪ್ರತಿವಾದಿ ಮೂರನೆಯ ಮಹಡಿಯ ಮಾಲವಣಿ ಕಾಕಾ. ಅವರ ಗಾವ್ ಕಣಕವಲಿ ಹತ್ತಿರ. ನಮಗೆ ಮೇ ತಿಂಗಳು ಹೇಗೋ ಅವರಿಗೆ ಗಣಪತಿ ಹಾಗೆ. ಲಾಲ್‌ಬಾಗ್, ಪರೇಲಿನ ಅರ್ಧ ಜನ ಆ ವಾರ ಕೊಂಕಣದಲ್ಲಿರುತ್ತಾರೆ. ಸರ್ಕಾರ ಗಣಪತಿಗೆ ಹೋಗುವ ಗಾಡಿಗಳಿಗೆ ಟೋಲ್ ಮಾಫಿ ಪಾಸು ಕೊಡುತ್ತದೆ. ಕಾಕಾ ಅದನ್ನು ಗಾಜಿಗೆ ಅಂಟಿಸಿಕೊಂಡು ಕೊಲ್ಹಾಪುರ, ರಾಧಾನಗರಿ ಸುತ್ತಿ ಫೋಂಡಾ ಘಾಟ್ ಇಳಿಯುತ್ತಾರೆ. ಅಣ್ಣನ ಆಕ್ಷೇಪ ಅಲ್ಲೇ. “ಗಣಪತಿಗೆ ಹೋಗುವವ ಗಣಪತಿಯ ಹಾಗೆಯೇ ಸುತ್ತು ಹಾಕ್ಬೇಕಾ?” ಕಾಕಾ ಬಿಡುವುದಿಲ್ಲ. 2011ರಲ್ಲಿ ಗೋವಾ ಹೈವೇ ಅಗಲ ಮಾಡಲು ಹೊರಟರಲ್ಲ, ತಮ್ಮ ಮೊಮ್ಮಗ ಆಗ ತೊಟ್ಟಿಲಲ್ಲಿದ್ದ, ಈಗ ಅವನಿಗೆ ಮೀಸೆ ಬರುತ್ತಿದೆ, ಮಾಣಗಾಂವ್‌ನಲ್ಲಿ ಗಾಡಿ ಇನ್ನೂ ಅಲ್ಲೇ ನಿಂತಿದೆ ಎನ್ನುತ್ತಾರೆ. ಅಣ್ಣನ ಬಳಿ ಬ್ರಹ್ಮಾಸ್ತ್ರ ಇದೆ: ಕಶೇಡಿಯ ಸುರಂಗ. “ಮೊದಲು ಆ ಘಟ್ಟ ಹತ್ತಿ ಇಳಿಯುವಾಗ ಹಿಂದಿನ ಸೀಟಿನಲ್ಲಿ ಮಕ್ಕಳ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. ಈಗ ಸುರಂಗದೊಳಗೆ ಎರಡು ಕಿಲೋಮೀಟರ್, ಮುಗೀತು.” ಸುರಂಗ ತೋಡಿದವರು ಯಾರೇ ಇರಲಿ, ಹೇಳುವ ಗತ್ತು ನೋಡಿದರೆ ಹಾರೆ ಹಿಡಿದಿದ್ದು ಅಣ್ಣನೇ ಎನ್ನಬೇಕು.

ಹಾಗೆಂದು ಅವರು ಗೋವಾ ಹೈವೇಯ ಪಕ್ಷದವರು ಎಂದು ತಿಳಿದರೆ ಕೆಟ್ಟಿರಿ. ಕಾಕಾನ ಎದುರಿಗೆ ಮಾತ್ರ ಅವರು ಆ ಪಕ್ಷ. ನಾನು ಅದೇ ದಾರಿಯ ಹೆಸರೆತ್ತಿದೆನೋ, ರಾತ್ರೋರಾತ್ರಿ ಬೆಳಗಾವಿ ಪಕ್ಷಕ್ಕೆ ಹಾರುತ್ತಾರೆ. “ಕೊಗನೊಳಿ ಟೋಲ್ ದಾಟಿದ ಕೂಡಲೇ ಕನ್ನಡ ಬೋರ್ಡು ಕಾಣ್ತದೆ ಮಾರಾಯಾ. ಅರ್ಧ ಊರು ಅಲ್ಲೇ ಬಂತು ಅಂತ ಲೆಕ್ಕ.” ಸರಿ, ಬೆಳಗಾವಿಯೇ ಆಗಲಿ ಎಂದು ಒಪ್ಪಿದರೆ ಅಸಲು ಪುರಾಣ ಆಗ ಶುರು. ಘಟ್ಟ ಎಲ್ಲಿ ಇಳಿಯುವುದು? ಚೋರ್ಲಾ ಇದೆ, ಅನಮೋಡ ಇದೆ. ಹುಬ್ಬಳ್ಳಿಗೆ ಹೋದರೆ ಯಲ್ಲಾಪುರದಿಂದ ಅರಬೈಲ್ ಇಳಿದು ಅಂಕೋಲಾ. ಶಿರಸಿಗೆ ತಿರುಗಿದರೆ ದೇವಿಮನೆ ಇಳಿದು ಕುಮಟಾ. ಇನ್ನೂ ಮುಂದೆ ಹೋಗುವ ಧೈರ್ಯವಿದ್ದರೆ ಆಗುಂಬೆ, ಅದರ ಹದಿನಾಲ್ಕು ತಿರುವು. ಸಹ್ಯಾದ್ರಿಯ ಒಂದೊಂದು ಘಟ್ಟವನ್ನೂ ಅಣ್ಣ ವಧುಪರೀಕ್ಷೆಯ ಹಾಗೆ ವರ್ಣಿಸುತ್ತಾರೆ. ಇದು ಚಂದ, ಆದರೆ ಸಪೂರ. ಅದು ಅಗಲ, ಆದರೆ ಲಾರಿಯವರ ಸಹವಾಸ ಹೆಚ್ಚು. ಇನ್ನೊಂದರ ಗುಣ ಒಳ್ಳೆಯದು, ಮಳೆಗಾಲದಲ್ಲಿ ಮಾತ್ರ ನಂಬುವ ಹಾಗಿಲ್ಲ.

ಮೊಬೈಲಿನಲ್ಲಿ ದಾರಿ ಹೇಳುವ ಹೆಂಗಸನ್ನು ಕಂಡರೆ ಅವರಿಗೆ ಆಗದು. “ಅವಳು ಕಶೇಡಿ ನೋಡಿದ್ದಾಳಾ? ಅವಳಿಗೆ ವಾಂತಿ ಬರ್ತದಾ?” ನಮ್ಮ ತರ್ಕಶಾಸ್ತ್ರದವರು ಪ್ರತ್ಯಕ್ಷ, ಅನುಮಾನ ಮುಂತಾಗಿ ಪ್ರಮಾಣಗಳನ್ನು ಎಣಿಸುತ್ತಾರೆ. ಅಣ್ಣನಿಗೆ ಪ್ರಮಾಣ ಒಂದೇ: ‘ನಿನ್ನೆ ಬಂದವರು’. “ನಿನ್ನೆ ಬಂದವರು ಹೇಳಿದ್ದು, ಖಂಬಾಟ್ಕಿ ಘಾಟಿನಲ್ಲಿ ಎರಡು ಗಂಟೆ ಜಾಮ್.” ಆ ನಿನ್ನೆ ಬಂದವರನ್ನು ಇಂದಿನವರೆಗೆ ಯಾರೂ ಕಂಡಿಲ್ಲ. ಅವರು ಸದಾ ನಿನ್ನೆಯೇ ಬಂದಿರುತ್ತಾರೆ, ನಾವು ಹೋಗಲಿರುವ ದಾರಿಯಲ್ಲೇ ಬಂದಿರುತ್ತಾರೆ, ಮತ್ತು ಯಾವತ್ತೂ ಸುಖವಾಗಿ ಬಂದಿರುವುದಿಲ್ಲ.

ಒಂಬೈನೂರು ಕಿಲೋಮೀಟರಿನ ಹೊಂಡ ಎಣಿಸಬಲ್ಲ ಈ ಮಹಾನುಭಾವರಿಗೆ ಗೊತ್ತಿಲ್ಲದ ದಾರಿ ಒಂದೇ ಒಂದು: ಪರೇಲಿನಿಂದ ಪ್ರಭಾದೇವಿಗೆ ಹೋಗುವುದು. 2025ರ ಸೆಪ್ಟೆಂಬರಿನಲ್ಲಿ ಎಲ್ಫಿನ್‌ಸ್ಟನ್ ಸೇತುವೆಯನ್ನು ಕೆಡವಲೆಂದು ಮುಚ್ಚಿದರು. ಅಂದಿನಿಂದ ಗಾಡಿಯವರು ಹಳಿಯ ಆಚೆ ಕಾಣುವ ಕಟ್ಟಡಕ್ಕೆ ಹೋಗಲು ದಾದರಿನ ತಿಲಕ್ ಸೇತುವೆಯನ್ನೋ ಕರಿ ರೋಡನ್ನೋ ಸುತ್ತಬೇಕು. ಮೊನ್ನೆ ಟ್ಯಾಕ್ಸಿಯವನು ‘ಯಾವ ಕಡೆಯಿಂದ ಹೋಗಲಿ?’ ಎಂದು ಕೇಳಿದಾಗ ಅಣ್ಣ ಮೊದಲ ಬಾರಿಗೆ, “ನಿನಗೆ ಸರಿ ಕಂಡಲ್ಲಿ ಹೋಗಪ್ಪಾ” ಎಂದರಂತೆ.

ಕಳೆದ ಫೆಬ್ರವರಿಯಲ್ಲಿ ಅಣ್ಣನ ವ್ಯಾಪ್ತಿ ಅಂತಾರಾಷ್ಟ್ರೀಯವಾಯಿತು. ಅವರ ತಂಗಿಯ ಮಗ ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾನೆ. ಅಲ್ಲಿಯ ಶಾಲೆಗಳಿಗೆ ಆಗ ಒಂದು ವಾರ ರಜೆ. ಊರಿಗೆ ಊರೇ ಕಾರಿನ ತಲೆಯ ಮೇಲೆ ಸ್ಕೀ ಪಟ್ಟಿ ಕಟ್ಟಿಕೊಂಡು ಆಲ್ಪ್ಸ್ ಬೆಟ್ಟಕ್ಕೆ ಹೊರಡುತ್ತದೆ. ವಿಡಿಯೊ ಕಾಲಿನಲ್ಲಿ ಹುಡುಗ ಸುಮ್ಮನಿರಲಾರದೆ, “ಮಾವ, ಈ ಶನಿವಾರ ಕಾರಲ್ಲೇ ಆಸ್ಟ್ರಿಯಾಕ್ಕೆ ಹೋಗ್ತಿದ್ದೇವೆ, ಹಿಮದಲ್ಲಿ ಜಾರ್ಲಿಕ್ಕೆ” ಎಂದ. ಅಣ್ಣನಿಗೆ ಹಿಮ ಕಾಣಲಿಲ್ಲ, ಜಾರುವುದು ಕೇಳಲಿಲ್ಲ.

“ಯಾವ ರೂಟ್?”

ಟಿರೋಲ್ ಪ್ರಾಂತದ ಓಟ್ಸ್ ಕಣಿವೆಗೆ ಅಲ್ಲಿಂದಲೂ ಮುಖ್ಯವಾಗಿ ಎರಡು ದಾರಿ. ಕುಫ್‌ಸ್ಟೈನ್ ಗಡಿ ದಾಟಿ ಇನ್ ನದಿಯ ದಂಡೆಯಲ್ಲಿ ಇನ್ಸ್‌ಬ್ರುಕ್ ಮೂಲಕ ಹೋಗುವ ಹೈವೇ ಒಂದು. ಉದ್ದ, ಆದರೆ ಸಪಾಟು. ಗಾರ್ಮಿಶ್ ಮೇಲೆ ಹೋಗಿ, 1,200 ಮೀಟರಿಗೂ ಎತ್ತರದ ಫೆರ್ನ್‌ಪಾಸ್ ಎಂಬ ಘಟ್ಟ ಹತ್ತಿ ಇಳಿಯುವುದು ಇನ್ನೊಂದು. ಹತ್ತಿರ, ಆದರೆ ಸಪೂರ. ಕೇಳುತ್ತ ಕೇಳುತ್ತ ಅಣ್ಣನ ಮುಖ ಅರಳಿತು. ಇದು ಸಾಕ್ಷಾತ್ ಎಕ್ಸ್‌ಪ್ರೆಸ್‌ವೇ ಮತ್ತು ಸೆವೆಂಟೀನ್. ಗಾಜಿಗೆ ಟೋಲಿನ ಚೀಟಿ ಅಂಟಿಸಿದ್ದೇವೆ ಎಂದಾಗ ಕಾಕಾನ ಗಣಪತಿ ಪಾಸು ನೆನಪಾಯಿತು. ನವೆಂಬರಿನಿಂದ ಏಪ್ರಿಲ್ ನಡುವಿನ ತನಕ, ಹಿಮ ಬಿದ್ದ ರಸ್ತೆಗೆ ಚಳಿಗಾಲದ ಟಯರೇ ಬೇಕು ಎಂಬ ಕಾನೂನು ಕೇಳಿ, “ನಮ್ಮಲ್ಲಿ ಮಳೆಗಾಲಕ್ಕೆ ಹಾಗೆ ಮಾಡ್ಬೇಕು” ಎಂದು ತಲೆದೂಗಿದರು. ಅಲ್ಲಿಯ ಬಾಡಿಗೆ ಮನೆಗಳಲ್ಲಿ ಹಳಬರು ಖಾಲಿ ಮಾಡುವುದೂ ಹೊಸಬರು ಹೊಗುವುದೂ ಹೆಚ್ಚಾಗಿ ಶನಿವಾರವೇ. ಆದ್ದರಿಂದ ಆ ದಿನ ಎರಡು ದಿಕ್ಕಿನಲ್ಲೂ ಜಾಮ್ ಎಂದು ಅಳಿಯ ಹೇಳಿದ.

“ಜಾಮ್ ಆದ್ರೆ ಎಂತ? ಹೈವೇ ಬಿಟ್ಟು ಒಳದಾರಿಗೆ ಇಳಿ.”

“ಬಿಡೂದಿಲ್ಲ ಮಾವ. ವಾರಾಂತ್ಯದಲ್ಲಿ ಜಾಮ್ ತಪ್ಪಿಸ್ಲಿಕ್ಕೆ ಹಳ್ಳಿ ದಾರಿಗೆ ನುಗ್ಗಿದ್ರೆ ಪೊಲೀಸರು ವಾಪಸ್ ಹೈವೇಗೇ ಅಟ್ತಾರೆ. ಹಳ್ಳಿಯವರಿಗೆ ಉಪದ್ರ ಅಂತ ಟಿರೋಲಿನಲ್ಲಿ ಕಾನೂನು ಮಾಡಿದ್ದಾರೆ.”

ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಕನ್ನಡಕ ತೆಗೆದು ಒರೆಸಿದರು. ಕೊನೆಗೆ, “ಒಳದಾರಿಗೆ ಬಿಡದ ದೇಶದಲ್ಲಿ ನೀನು ಹೇಗೆ ಸಂಸಾರ ಮಾಡ್ತೀ ಮಾರಾಯಾ?” ಎಂದರು. ಆಮೇಲೆ ಸಾವರಿಸಿಕೊಂಡು ತೀರ್ಪು ಕೊಟ್ಟರು. “ಮಕ್ಕಳುಂಟು, ಘಟ್ಟ ಬೇಡ. ಹೊಳೆ ಹಿಡಿದು ಹೋಗು. ಬೆಳಗಿನ ಜಾವ ಮೂರೂವರೆಗೆ ಹೊರಡು.” ಪರೇಲೇ ಆಗಲಿ ಆಲ್ಪ್ಸೇ ಆಗಲಿ, ಅಣ್ಣನ ಮುಹೂರ್ತ ಒಂದೇ.

ಹುಡುಗ ಹೇಳಿದ ಹೊತ್ತಿಗೇ ಹೊರಟ, ಹೇಳಿದ ದಾರಿಯಲ್ಲೇ ಹೋದ. ಸಂಜೆ ಫೋನ್ ಮಾಡಿ, “ಸಲೀಸಾಗಿ ಮುಟ್ಟಿದೆವು ಮಾವ, ಒಂದು ಕಡೆಯೂ ನಿಲ್ಲಲಿಲ್ಲ” ಎಂದ. ಮಾವನಿಗೆ ಸಂತೋಷವಾಗಬೇಕಿತ್ತು. ಎರಡು ದಿನ ಅವರು ಲಾಬಿಗೇ ಇಳಿಯಲಿಲ್ಲ.

ಆಗ ನನಗೊಂದು ವಿಷಯ ಹೊಳೆಯಿತು. ಅಣ್ಣನ ಊರಿನ ಮನೆಗೆ ಬೀಗ ಬಿದ್ದು ಕೆಲವು ವರ್ಷವಾಗಿದೆ. ಅಮ್ಮ ಹೋದ ಮೇಲೆ ಪಾಲಾಯಿತು. ಈಗ ಅಲ್ಲಿ ಇಳಿದುಕೊಳ್ಳಲು ಬಾವನ ಮನೆಯ ಚಾವಡಿ ಮಾತ್ರ. ಸೊಂಟ ನೋವಿಗೆ ಡಾಕ್ಟರು ದೂರದ ಪ್ರಯಾಣ ಬೇಡ ಎಂದಿದ್ದಾರೆ. ಮುಟ್ಟಿದಲ್ಲಿಗೆ ನಮ್ಮ ಪ್ರಯಾಣ ಮುಗಿಯುತ್ತದೆ. ಅವರಿಗೆ ಮುಟ್ಟುವ ಊರೇ ಇಲ್ಲ, ಇರುವುದು ದಾರಿಯೊಂದೇ. ಅದೂ ಸಲೀಸಾಗಿ ಮುಗಿದುಹೋದರೆ ಅವರಿಗೆ ಉಳಿಯುವುದೇನು?

ಮೇ ತಿಂಗಳಲ್ಲಿ ನಾವು ಹೊರಟೆವು. ರೂಟು ಕೊನೆಗೆ ತೀರ್ಮಾನಿಸಿದ್ದು ಅಣ್ಣನೂ ಅಲ್ಲ, ನಾನೂ ಅಲ್ಲ, ನನ್ನ ಹೆಂಡತಿ. “ಹೆಂಗಸರು ಹೋಗುವಂಥ ಬಾತ್‌ರೂಮ್ ಯಾವ ದಾರಿಯಲ್ಲಿ ಉಂಟೋ ಆ ದಾರಿ” ಎಂಬ ಅವಳ ಒಂದೇ ಮಾತಿಗೆ ಬೆಳಗಾವಿ ಗೆದ್ದಿತು. ನಲವತ್ತು ವರ್ಷದ ಚರ್ಚೆಯಲ್ಲಿ ಈ ಅಂಶವನ್ನು ಗಂಡಸೊಬ್ಬನೂ ಎತ್ತಿರಲಿಲ್ಲ. ಬೆಳಗಿನ ಜಾವ ಮೂರೂವರೆಗೆ ಕೆಳಗಿಳಿದರೆ ಅಣ್ಣ ಬನಿಯನ್ನು, ಲುಂಗಿಯಲ್ಲಿ ಲಾಬಿಯಲ್ಲಿ ನಿಂತಿದ್ದರು, ಕೈಯಲ್ಲಿ ಚಾದ ಫ್ಲಾಸ್ಕ್. ಟಯರುಗಳನ್ನು ಒಂದೊಂದಾಗಿ ಕಾಲಲ್ಲಿ ತಟ್ಟಿ ನೋಡಿದರು. ಶಿವಡಿಯಲ್ಲಿ ಅಟಲ್ ಸೇತು ಹತ್ತು ಎಂದರು. 2024ರ ಜನವರಿಯಲ್ಲಿ ತೆರೆದ, ಸುಮಾರು 22 ಕಿಲೋಮೀಟರಿನ ಆ ಸೇತುವೆ ನಮ್ಮ ಮನೆ ಬಾಗಿಲಲ್ಲೇ ಶುರುವಾಗುತ್ತದೆ ಎಂಬುದು ಅವರಿಗೆ ಸ್ವಂತ ಆಸ್ತಿಯಷ್ಟು ಹೆಮ್ಮೆ. “ಇನ್ನೂರೈವತ್ತು ರೂಪಾಯಿ ಟೋಲ್ ಹೋಗ್ಲಿ ಮಾರಾಯಾ, ಕಡಲ ಮೇಲೆ ಹೊರಟವನಿಗೆ ಕಡಲೇ ಸಿಗುವುದು.”

ದಾರಿ ಬೆಣ್ಣೆಯ ಹಾಗಿತ್ತು. ಖಂಬಾಟ್ಕಿ ಖಾಲಿ. ನಿಪ್ಪಾಣಿಯಲ್ಲಿ ತಿಂಡಿ, ಹುಬ್ಬಳ್ಳಿಯಲ್ಲಿ ಊಟ, ಅರಬೈಲಿನಲ್ಲಿ ಎದುರಿಗೆ ಬಂದದ್ದು ನಾಲ್ಕು ಮಂಗ. ಕತ್ತಲಾಗುವ ಹೊತ್ತಿಗೆ ಕುಂದಾಪುರ ದಾಟಿದ್ದೆವು. ಮನೆ ಮುಟ್ಟಿ, ಕಾಲು ತೊಳೆದು, ಮೊದಲು ಅಣ್ಣನಿಗೆ ಫೋನ್ ಮಾಡಿದೆ.

“ಹೇಗಾಯ್ತು?” ಧ್ವನಿಯಲ್ಲಿ ಆತಂಕವಿತ್ತು.

“ಎಂತ ಹೇಳೂದು ಅಣ್ಣ, ಅರಬೈಲಿನಲ್ಲಿ ಲಾರಿ ಕೆಟ್ಟು ನಿಂತಿತ್ತು. ಮುಕ್ಕಾಲು ಗಂಟೆ!”

ಆಚೆ ಕಡೆಯಿಂದ ಒಂದು ದೀರ್ಘ, ತೃಪ್ತ ಉಸಿರು ಕೇಳಿತು. “ನಾನು ಹೇಳ್ಲಿಲ್ವಾ? ದೇವಿಮನೆ ಇಳೀಬೇಕಿತ್ತು.” ಹಿಂದೆಯೇ ಯಾರನ್ನೋ ಕರೆದು ಹೇಳುತ್ತಿರುವುದೂ ಕೇಳಿತು: “ಕಾಕಾ, ಸುನೋ! ಇವತ್ತು ಬಂದವರು ಹೇಳಿದ್ದು...”

ನಿಮ್ಮ ಕಟ್ಟಡದಲ್ಲೂ ಇಂಥ ಒಬ್ಬರು ಇದ್ದೇ ಇರುತ್ತಾರೆ. ಅವರು ಹೇಳಿದ ದಾರಿಯಲ್ಲೇ ಹೋಗಬೇಕೆಂದಿಲ್ಲ. ಬೇಕಾದ ದಾರಿ ಹಿಡಿಯಿರಿ, ಮೊದಲು ಹೆಂಡತಿಯನ್ನು ಕೇಳಿ. ಆದರೆ ಊರು ಮುಟ್ಟಿದ ಮೇಲೆ ಒಂದು ಫೋನ್ ಮಾಡಿ, ಮತ್ತು ದಯವಿಟ್ಟು ಒಂದು ಲಾರಿಯನ್ನಾದರೂ ಕೆಡಿಸಿ ನಿಲ್ಲಿಸಿ.